ಶುರು ಮಾಡಿದವರೇ ಕೊನೇವರೆಗೂ ನಡೆಸಬೇಕಾ?

ಪ್ರಶ್ನೆ: ನಾವು ಎಂಟು ಜನ ಸೇರಿ ಕನ್ನಡಕ್ಕೊಂದು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ಬದಲಿಸಿ ಬಳಸಬಹುದಾದ) ಸ್ಪೆಲ್ ಚೆಕರ್ ಮಾಡುತ್ತಿದ್ದೇವೆ. ಎಲ್ಲರಿಗೂ ಬೇರೆ ಕೆಲಸ ಇದೆ, ಇದು ಬಿಡುವಿನಲ್ಲಿ ಮಾಡುವುದು. ಶುರು ಮಾಡಿದ ಹಿರಿಯರೊಬ್ಬರ ಕೈಯಲ್ಲೇ ಎಲ್ಲವೂ ಇದೆ. ಈಗ ಅವರಿಗೆ ಪುರುಸೊತ್ತಿಲ್ಲ. ನಾವು ಕಳಿಸಿದ ಪುಲ್ ರಿಕ್ವೆಸ್ಟ್‌ಗಳು, ಅಂದರೆ 'ಈ ಬದಲಾವಣೆ ಸೇರಿಸಿಕೊಳ್ಳಿ' ಅನ್ನುವ ಕೋರಿಕೆಗಳು, ತಿಂಗಳುಗಟ್ಟಲೆ ಹಾಗೇ ಬಿದ್ದಿರುತ್ತವೆ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಸಾಲದ್ದಕ್ಕೆ 'ಹೋಗ್ತೀನಿ', 'ಬರ್ತೀನಿ' ತರದ ಆಡುಮಾತಿನ ರೂಪಗಳನ್ನು ಪದಪಟ್ಟಿಗೆ ಸೇರಿಸಬೇಕಾ ಬೇಡವಾ ಅಂತ ಗ್ರೂಪಿನಲ್ಲಿ ಜಗಳವೇ ಆಗಿದೆ. ಒಬ್ಬರು ಫೋರ್ಕ್ ಮಾಡೋಣ (ಕೋಡ್ ನಕಲು ಮಾಡಿಕೊಂಡು ಬೇರೆಯಾಗಿ ನಡೆಸೋಣ) ಅಂತಾರೆ, ಒಬ್ಬರು ಚುನಾವಣೆ ಇಡೋಣ ಅಂತಾರೆ, ಇನ್ನೊಬ್ಬರು ಸಂಘ ನೋಂದಣಿ ಮಾಡಿಸೋಣ ಅಂತಾರೆ. ಯಾವುದು ಸರಿ?
– ಓದುಗರು, ದಾವಣಗೆರೆ

ಉತ್ತರ: ಈ ಮೂರರಲ್ಲಿ ಯಾವುದನ್ನೂ ಈಗಲೇ ಮಾಡಬೇಡಿ. ಮೂರಕ್ಕೂ ಕಾಲ ಬರಬಹುದು, ಆದರೆ ನಿಮ್ಮ ಗುಂಪು ಇನ್ನೂ ಅಲ್ಲಿಗೆ ಬಂದಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಬೀಗದ ಕೈಗಳೆಲ್ಲ ಒಬ್ಬರ ಹತ್ತಿರ ಇವೆ, ಇದು ಒಂದು. ಒಮ್ಮತ ಬರದಿದ್ದಾಗ ಯಾರು, ಹೇಗೆ ತೀರ್ಮಾನ ಮಾಡಬೇಕು ಅಂತ ಎಲ್ಲೂ ಬರೆದಿಟ್ಟಿಲ್ಲ, ಇದು ಇನ್ನೊಂದು. ಇವೆರಡನ್ನು ಬಿಡಿಸಿಕೊಂಡರೆ 'ಲೀಡರ್ ಯಾರು' ಅನ್ನೋ ಪ್ರಶ್ನೆಯ ಬಿಸಿ ಮುಕ್ಕಾಲು ಪಾಲು ಇಳಿಯುತ್ತದೆ.

ಸಂಬಳ ಇಲ್ಲದ ಕಡೆ ಯಾರೂ ಯಾರಿಗೂ 'ಇದನ್ನು ಮಾಡು' ಅನ್ನುವ ಹಾಗಿಲ್ಲ. ಎಲ್ಲ ನಿಯಮಗಳೂ ಇಲ್ಲಿಂದಲೇ ಶುರುವಾಗಬೇಕು. ಡೆಬಿಯನ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ನಿಮಗೆ ಗೊತ್ತಿರುತ್ತದೆ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು, ಈಗ ಹಲವು ದೇಶಗಳ ಸುಮಾರು ಸಾವಿರ ಡೆವಲಪರ್‌ಗಳು ಸ್ವಯಂಸೇವಕರಾಗಿ ನಡೆಸುತ್ತಾರೆ. ಅದಕ್ಕೆ 1998ರಿಂದ ಲಿಖಿತ ಸಂವಿಧಾನ ಇದೆ. ಅದರ ಎರಡನೇ ಭಾಗದಲ್ಲೇ ಒಂದು ಪುಟ್ಟ ನಿಯಮ ಬರುತ್ತದೆ. ಈ ಸಂವಿಧಾನ ಯಾರ ಮೇಲೂ ಕೆಲಸ ಹೇರುವುದಿಲ್ಲ. ಒಪ್ಪಿಸಿದ ಕೆಲಸವನ್ನು ಮಾಡಲು ಇಷ್ಟವಿಲ್ಲದಿದ್ದರೆ ಮಾಡಬೇಕಾಗಿಲ್ಲ. ಆದರೆ ಸರಿಯಾದ ದಾರಿಯಲ್ಲಿ ಆದ ತೀರ್ಮಾನಗಳಿಗೆ ಎದುರಾಗಿ ಯಾರೂ ಕೆಲಸ ಮಾಡಕೂಡದು. ಅದರ ಸಾರ ಇಷ್ಟೇ.

ಈ ನಿಯಮವನ್ನು ನಿಮ್ಮ ಗುಂಪಿನ ಮೇಲಿಟ್ಟು ನೋಡಿ. ಮೊದಲರ್ಧ ನಿಮ್ಮ ಹಿರಿಯರನ್ನು ಕಾಯುತ್ತದೆ. ನಿಮ್ಮ ಪುಲ್ ರಿಕ್ವೆಸ್ಟ್ ನೋಡಲೇಬೇಕು ಅನ್ನೋ ಋಣ ಅವರಿಗಿಲ್ಲ. ಮನೆ, ಆಫೀಸು, ಆರೋಗ್ಯ ಎಲ್ಲ ಮೊದಲು. ಉಳಿದರ್ಧ ನಿಮ್ಮನ್ನು ಕಾಯುತ್ತದೆ. ಕೆಲಸ ಮಾಡದೇ ಇರುವ ಹಕ್ಕು ಅವರಿಗಿದೆ, ಆದರೆ ಬೇರೆಯವರು ಮಾಡದ ಹಾಗೆ ಅಡ್ಡ ನಿಲ್ಲುವ ಹಕ್ಕು ಯಾರಿಗೂ ಇಲ್ಲ. ಈಗ ಅವರು ಬೇಕೆಂದು ಅಡ್ಡ ನಿಂತಿಲ್ಲ, ಕೀಲಿಗಳು ಅವರ ಜೇಬಿನಲ್ಲಿರುವುದರಿಂದ ತಾನಾಗೇ ಅಡ್ಡವಾಗಿದ್ದಾರೆ. ಇದನ್ನು ನೀವು ಏಳೂ ಜನ ಸರಿಯಾಗಿ ಅರ್ಥ ಮಾಡಿಕೊಂಡರೆ ಅವರ ಮೇಲಿನ ಸಿಟ್ಟು ಅರ್ಧ ಇಳಿಯುತ್ತದೆ.

ಹಾಗಾಗಿ ಮೊದಲ ಕೆಲಸ ಕೀಲಿಗಳದ್ದು. ಒಂದು ಹಾಳೆ ತಗೊಂಡು ಬರೆಯಿರಿ. ಕೋಡ್ ಇರುವ ರಿಪೋ ಯಾರ ಹೆಸರಿನಲ್ಲಿದೆ? ಡೊಮೇನ್ ಯಾರ ಈಮೇಲಿಗೆ ನೋಂದಣಿ ಆಗಿದೆ, ನವೀಕರಣ ಯಾವತ್ತು? ಬ್ರೌಸರ್ ಎಕ್ಸ್‌ಟೆನ್ಷನ್ ಅಥವಾ ಫೋನ್ ಆ್ಯಪ್ ಇದ್ದರೆ ಆ ಸ್ಟೋರ್ ಖಾತೆ ಯಾರದ್ದು? ಓಟಿಪಿ ಯಾರ ಮೊಬೈಲಿಗೆ ಬರುತ್ತದೆ? ಈ ಕೊನೆಯ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಆ ಸಿಮ್ ಬದಲಾದ ದಿನ ಇಡೀ ಪ್ರಾಜೆಕ್ಟ್ ಬಾಗಿಲಾಚೆ ನಿಲ್ಲುತ್ತದೆ. ರಿಪೋ ಗಿಟ್‌ಹಬ್ ಅನ್ನುವ ಕೋಡ್ ಇಡುವ ಜಾಲತಾಣದಲ್ಲಿ ಅವರ ಸ್ವಂತ ಖಾತೆಯಲ್ಲಿದ್ದರೆ ಅದಕ್ಕೆ ಓನರ್ ಒಬ್ಬರೇ. ಉಳಿದವರನ್ನು ಸಹಾಯಕರಾಗಿ ಸೇರಿಸಬಹುದು ಅಷ್ಟೇ. ಗಿಟ್‌ಹಬ್‌ನಲ್ಲೇ ಒಂದು ಆರ್ಗನೈಸೇಷನ್ ತೆರೆದು ರಿಪೋವನ್ನು ಅದಕ್ಕೆ ವರ್ಗಾಯಿಸಿ. ಹಳೆಯ ಇಶ್ಯೂಗಳು (ದಾಖಲಾದ ದೂರು, ಸಲಹೆಗಳು), ಚರ್ಚೆಗಳು ಅದರ ಜೊತೆಗೇ ಬರುತ್ತವೆ, ಹಳೆಯ ಲಿಂಕ್‌ಗಳೂ ಹೊಸ ಜಾಗಕ್ಕೆ ಹೋಗುತ್ತವೆ. ಆರ್ಗನೈಸೇಷನ್‌ಗೆ ಮೂವರು ಓನರ್‌ಗಳಿರಲಿ. ಅವರಲ್ಲಿ ಒಬ್ಬರು ನಿಮ್ಮ ಹಿರಿಯರೇ ಆಗಿರಲಿ. ಅವರಿಂದ ಏನನ್ನೂ ಕಿತ್ತುಕೊಂಡ ಹಾಗೆ ಆಗಬಾರದು.

ಹಾಗಂತ ಕೀಲಿಯನ್ನು ಅವಸರದಲ್ಲಿ ಹಂಚಬೇಡಿ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಅನ್ನುವ ಕಡತ ಕುಗ್ಗಿಸುವ ಸಾಫ್ಟ್‌ವೇರ್‌ನಲ್ಲಿ ನಡೆದದ್ದನ್ನು ನಿಮ್ಮ ಎಂಟೂ ಜನ ತಿಳಿದುಕೊಳ್ಳಬೇಕು. ಲಿನಕ್ಸ್ ಇರುವ ಹೆಚ್ಚಿನ ಕಡೆ ಅದು ಇರುತ್ತದೆ. ಅದನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಅವರ ಮೇಲೆ ಒತ್ತಡ ಶುರುವಾಯಿತು. 'ಪ್ಯಾಚ್ (ಕೋಡ್ ತಿದ್ದುಪಡಿ) ಯಾಕೆ ನೋಡುತ್ತಿಲ್ಲ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ' ಅಂತ ಯಾರೋ ಕೆಲವರು ಮೇಲಿಂದ ಮೇಲೆ ಬರೆದರು. ಅದನ್ನು ನೋಡಿಕೊಳ್ಳುತ್ತಿದ್ದವರು ತಮ್ಮ ಮಾನಸಿಕ ಆರೋಗ್ಯ ಚೆನ್ನಾಗಿಲ್ಲ, ಇದು ಸಂಬಳ ಇಲ್ಲದ ಹವ್ಯಾಸದ ಕೆಲಸ ಅಂತ ಬಿಡಿಸಿ ಹೇಳಿದರು. ಅಷ್ಟರಲ್ಲಿ 'ಜಿಯಾ ಟಾನ್' ಅನ್ನುವ ಹೆಸರಿನವರೊಬ್ಬರು ಒಳ್ಳೊಳ್ಳೆ ಪ್ಯಾಚ್ ಕಳಿಸುತ್ತಾ ವಿಶ್ವಾಸ ಗಳಿಸಿದ್ದರು. ನಿಧಾನಕ್ಕೆ ಮೇಂಟೇನರ್, ಅಂದರೆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಆದರು. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟುಬಿಟ್ಟರು. ಆಂಡ್ರೆಸ್ ಫ್ರಾಯ್ಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್, ತಮ್ಮ ಯಂತ್ರದಲ್ಲಿ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಬೆನ್ನು ಹತ್ತಿ ಹೋಗಿ ಅದನ್ನು ಹಿಡಿದರು. ಇಲ್ಲದಿದ್ದರೆ ಜಗತ್ತಿನ ಎಷ್ಟೋ ಸರ್ವರ್‌ಗಳಿಗೆ ಅದು ಹೊಕ್ಕಿರುತ್ತಿತ್ತು.

ನಿಮ್ಮದು ಸ್ಪೆಲ್ ಚೆಕರ್, ಅಷ್ಟು ದೊಡ್ಡ ಗುರಿ ಅಲ್ಲ ಅನ್ನಬಹುದು. ಆದರೆ ಜನ ಟೈಪ್ ಮಾಡುವ ಪ್ರತಿ ಅಕ್ಷರವನ್ನೂ ನೋಡುವ ಸಾಫ್ಟ್‌ವೇರ್ ಅದು. ಆ ಜವಾಬ್ದಾರಿ ಸಣ್ಣದಲ್ಲ. ಓನರ್ ಆಗುವವರನ್ನು ನಿಮ್ಮಲ್ಲಿ ಕೆಲವರಾದರೂ ಮುಖತಃ ಕಂಡಿರಬೇಕು. ಒಬ್ಬರು ಬರೆದ ಬದಲಾವಣೆಯನ್ನು ಇನ್ನೊಬ್ಬರು ನೋಡಿ ಒಪ್ಪದೆ ಮರ್ಜ್ ಆಗಬಾರದು, ಅಂದರೆ ಮೂಲ ಕೋಡ್‌ಗೆ ಸೇರಬಾರದು, ಬರೆದವರು ಓನರ್ ಆಗಿದ್ದರೂ ಸರಿ. ಇದನ್ನು ರಿಪೋದ ಸೆಟ್ಟಿಂಗ್‌ನಲ್ಲೇ ಕಡ್ಡಾಯ ಮಾಡಬಹುದು. ಇನ್ನೊಂದು ವಿಷಯವನ್ನು ಒತ್ತಿ ಹೇಳುತ್ತೇನೆ. ದಣಿದ ಮೇಂಟೇನರ್‌ಗೆ ಎಲ್ಲರೆದುರು ಚುಚ್ಚಿ ಬರೆಯುವುದು ಕೆಟ್ಟ ನಡತೆ ಮಾತ್ರ ಅಲ್ಲ, ಅದರಿಂದ ಸುರಕ್ಷತೆಗೂ ಪೆಟ್ಟು. ಬೇಸತ್ತವರು ಯಾರಿಗಾದರೂ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಈಗ ಹಿರಿಯರ ಜೊತೆ ಮಾತು. ಗ್ರೂಪಿನಲ್ಲಿ ಬೇಡ. ಅವರಿಗೆ ಹತ್ತಿರದವರು ಒಬ್ಬರು, ಹೆಚ್ಚೆಂದರೆ ಇಬ್ಬರು, ಮನೆಗೆ ಹೋಗಿ ಮಾತಾಡಿ. ಆಗದಿದ್ದರೆ ಫೋನ್ ಮಾಡಿ. 'ಸರ್, ನೀವು ಯಾಕೆ ನೋಡುತ್ತಿಲ್ಲ' ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. 'ಸರ್, ಇದರಲ್ಲಿ ಯಾವ ಕೆಲಸ ನಿಮಗೆ ಈಗಲೂ ಇಷ್ಟ, ಯಾವುದು ಹೊರೆ ಅನ್ನಿಸುತ್ತಿದೆ' ಅಂತ ಕೇಳಿ. ಹೆಚ್ಚಿನವರಿಗೆ ರಿವ್ಯೂ, ರಿಲೀಸ್, ಮೇಲ್‌ಗೆ ಉತ್ತರ ಕೊಡುವುದು ಹೊರೆ. ಪದಗಳನ್ನು ಆರಿಸುವುದೋ, ಪ್ರತ್ಯಯಗಳ ನಿಯಮ ಬರೆಯುವುದೋ ಇನ್ನೂ ಪ್ರೀತಿಯ ಕೆಲಸವಾಗಿರುತ್ತದೆ. ಪ್ರೀತಿಯದ್ದನ್ನು ಅವರಿಗೇ ಬಿಡಿ. ಹೊರೆಯನ್ನು ಹೆಸರು ಹೇಳಿ ಹಂಚಿಕೊಳ್ಳಿ, 'ಇನ್ನು ಮೇಲೆ ರಿಲೀಸ್ ನಾನು ನೋಡಿಕೊಳ್ಳುತ್ತೇನೆ ಸರ್' ಅಂತ. 'ನಾವೆಲ್ಲ ಸೇರಿ ಮಾಡುತ್ತೇವೆ' ಅಂದರೆ ಯಾರೂ ಮಾಡುವುದಿಲ್ಲ, ಅಲ್ವಾ?

ಶುರು ಮಾಡಿದವರು ಇಳಿದರೆ ಪ್ರಾಜೆಕ್ಟ್ ಮುಳುಗುತ್ತದೆ ಅನ್ನೋ ಭಯ ಅವರಿಗೂ ಇರಬಹುದು, ನಿಮಗೂ ಇರಬಹುದು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕಥೆ ಅವರಿಗೆ ಹೇಳಿ. ಗೀಡೋ ವಾನ್ ರೋಸಮ್ ಅದನ್ನು ಹುಟ್ಟುಹಾಕಿದವರು. ಎಲ್ಲ ವಿಷಯದಲ್ಲೂ ಕೊನೆಯ ಮಾತು ಅವರದ್ದೇ ಆಗಿತ್ತು. 2018ರಲ್ಲಿ ಒಂದು ಹೊಸ ಆಪರೇಟರ್ ಸೇರಿಸುವ ಪ್ರಸ್ತಾವದ ಮೇಲೆ ದೊಡ್ಡ ವಾದವಾಯಿತು. ಪ್ರಸ್ತಾವದ ಸಂಖ್ಯೆ 572. ಅದನ್ನು ಅವರು ಒಪ್ಪಿದರು, ಅಂದರೆ ವಾದದಲ್ಲಿ ಗೆದ್ದರು. ಗೆದ್ದ ಮೇಲೆ, ಜುಲೈ 12ರಂದು, ಇನ್ನು ನನ್ನ ಕೈಲಾಗದು ಅಂತ ಅಧಿಕಾರ ಬಿಟ್ಟರು. ಉತ್ತರಾಧಿಕಾರಿಯನ್ನು ನಾನು ಹೆಸರಿಸುವುದಿಲ್ಲ, ಮುಂದೆ ಹೇಗೆ ಅಂತ ನೀವೇ ನೋಡಿಕೊಳ್ಳಿ ಅಂದುಬಿಟ್ಟರು.

ಮುಂದಿನ ತಿಂಗಳುಗಳಲ್ಲಿ ಕೋರ್ ಡೆವಲಪರ್‌ಗಳು ಏಳು ಬೇರೆ ಬೇರೆ ಆಡಳಿತ ಮಾದರಿಗಳನ್ನು ಬರೆದು, ಚರ್ಚಿಸಿ, ಡಿಸೆಂಬರ್‌ನಲ್ಲಿ ಮತ ಹಾಕಿದರು. ಐದು ಜನರ ಚುನಾಯಿತ ಸಮಿತಿಯ ಮಾದರಿ ಗೆದ್ದಿತು. 2019ರ ಆರಂಭದಲ್ಲಿ ಮೊದಲ ಸಮಿತಿ ಬಂತು. ಅದರ ಐವರಲ್ಲಿ ಗೀಡೋ ಕೂಡ ಒಬ್ಬರು! ಮುಂದಿನ ಸಮಿತಿಯಲ್ಲಿ ಅವರಿರಲಿಲ್ಲ, ಆದರೂ ಪೈಥಾನ್ ಕೆಲಸ ಬಿಡಲಿಲ್ಲ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬಹುದು. ಇಳಿದವರ ಗೌರವ ಒಂದಿಷ್ಟೂ ಕಡಿಮೆ ಆಗಲಿಲ್ಲ. ಆದರೆ ಆ ನಡುವಿನ ತಿಂಗಳುಗಳಲ್ಲಿ ಭಾಷೆಯ ದೊಡ್ಡ ಬದಲಾವಣೆಗಳ ಬಗ್ಗೆ ಕೊನೆಯ ಮಾತು ಹೇಳುವವರೇ ಇರಲಿಲ್ಲ. ಪೈಥಾನ್‌ನಷ್ಟು ದೊಡ್ಡ ಸಮುದಾಯ ಅದನ್ನು ತಾಳಿಕೊಂಡಿತು. ಎಂಟು ಜನರ ಗುಂಪು ತಾಳುವುದು ಕಷ್ಟ. ನಿಮ್ಮ ಹಿರಿಯರು ಇರುವಾಗಲೇ ನಿಯಮ ಬರೆದುಕೊಳ್ಳಿ ಅನ್ನುವುದು ಇದಕ್ಕೇ.

ಪೈಥಾನ್ ಸಮಿತಿಯ ನಿಯಮಾವಳಿಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಮಾತಿದೆ. ಸಮಿತಿಗೆ ಅಧಿಕಾರ ದೊಡ್ಡದು, ಆದರೆ ಅದನ್ನು ಆದಷ್ಟು ಕಡಿಮೆ ಬಳಸುವ ದಾರಿ ಹುಡುಕಬೇಕು ಅಂತ ಅದೇ ಹೇಳುತ್ತದೆ. ಒಂದೊಂದು ಪ್ರಸ್ತಾವದ ಮೇಲೂ ತೀರ್ಪು ಕೊಡುವ ಬದಲು ತೀರ್ಪಿನ ಕ್ರಮವನ್ನು ರೂಪಿಸಿ ಅನ್ನುತ್ತದೆ. ಐವರಲ್ಲಿ ಇಬ್ಬರಿಗಿಂತ ಹೆಚ್ಚು ಜನ ಒಂದೇ ಕಂಪನಿಯ ನೌಕರರಾಗಿರಬಾರದು ಅಂತಲೂ ಇದೆ. ನಿಮ್ಮಲ್ಲಿ ಮೂರು ನಾಲ್ಕು ಜನ ಒಂದೇ ಆಫೀಸಿನವರಾಗಿದ್ದರೆ ಇದನ್ನು ಮೊದಲ ದಿನವೇ ಯೋಚಿಸಿ.

ಇನ್ನು ತೀರ್ಮಾನದ ವಿಷಯ. ದಿನನಿತ್ಯದ ಬದಲಾವಣೆಗೆ, ಅಂದರೆ ತಪ್ಪು ಪದ ತೆಗೆಯುವುದು, ಬಗ್ ಸರಿ ಮಾಡುವುದು, ಇಂಥವಕ್ಕೆ ಬರೆದವರನ್ನು ಬಿಟ್ಟು ಇನ್ನೊಬ್ಬರ ಒಪ್ಪಿಗೆ ಸಾಕು. ಸ್ವಲ್ಪ ದೊಡ್ಡ ವಿಷಯಕ್ಕೆ ಅಪಾಚೆ ಅನ್ನುವ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟ್‌ಗಳ ಪದ್ಧತಿ ಚೆನ್ನಾಗಿದೆ. 'ಹೀಗೆ ಮಾಡಬೇಕೆಂದಿದ್ದೇನೆ' ಅಂತ ಬರೆದು 72 ಗಂಟೆ ಕಾಯಿರಿ. ಯಾರೂ ಬೇಡ ಅನ್ನದಿದ್ದರೆ ಅದೇ ಒಪ್ಪಿಗೆ. ಮೂರು ದಿನ ಯಾಕೆ ಅಂದರೆ, ಒಬ್ಬರು ಬೆಂಗಳೂರಿನಲ್ಲಿ ಶಿಫ್ಟ್ ಕೆಲಸದಲ್ಲಿರುತ್ತಾರೆ, ಇನ್ನೊಬ್ಬರು ಅಮೆರಿಕದಲ್ಲಿರುತ್ತಾರೆ. ಎಲ್ಲರಿಗೂ ಒಮ್ಮೆ ನೋಡುವ ಅವಕಾಶ ಸಿಗಬೇಕು. ಅಪಾಚೆಯಲ್ಲಿ ಕೋಡ್ ಬದಲಾವಣೆಗೆ ಒಬ್ಬರ 'ಬೇಡ' ಕೂಡ ತಡೆ ಆಗುತ್ತದೆ, ಆದರೆ ಅದಕ್ಕೆ ತಾಂತ್ರಿಕ ಕಾರಣ ಕೊಡಲೇಬೇಕು. ಕಾರಣ ಇಲ್ಲದ 'ಬೇಡ'ಕ್ಕೆ ಬೆಲೆ ಇಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಆದ ಮಾತನ್ನು ತೀರ್ಮಾನ ಅಂತ ಲೆಕ್ಕ ಹಾಕಬೇಡಿ. ಅಲ್ಲಿ ಬೇಗ ಟೈಪ್ ಮಾಡುವವರು ಗೆಲ್ಲುತ್ತಾರೆ. ಮಾತು ಎಲ್ಲಿ ಬೇಕಾದರೂ ಆಗಲಿ, ತೀರ್ಮಾನ ಮಾತ್ರ ರಿಪೋದಲ್ಲಿ ಒಂದು ಕಡತದೊಳಗೆ ದಿನಾಂಕದ ಸಮೇತ, ಕಾರಣದ ಸಮೇತ ಬರಲಿ. ಎರಡು ವರ್ಷ ಬಿಟ್ಟು ಸೇರುವವರು ಅದನ್ನು ಓದಿ 'ಓ, ಇದಕ್ಕೇ ಹೀಗೆ' ಅಂತ ತಿಳಿಯಬೇಕು.

ನಿಮ್ಮ 'ಹೋಗ್ತೀನಿ' ಜಗಳಕ್ಕೆ ಬರೋಣ. ಇದಕ್ಕೆ ಮತ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಐದು–ಮೂರರಲ್ಲಿ ಗೆದ್ದರೆ ಮೂವರು ಮನಸ್ಸು ಮುರಿದುಕೊಂಡು ಹೋಗುತ್ತಾರೆ, ಎಂಟರಲ್ಲಿ ಮೂವರು ಅಂದರೆ ನಿಮಗೆ ತುಂಬ ಜಾಸ್ತಿ. ಎಷ್ಟೋ ಸಲ ಆಡಳಿತದ ಜಗಳದಂತೆ ಕಾಣುವುದಕ್ಕೆ ತಂತ್ರದಲ್ಲೇ ಉತ್ತರ ಇರುತ್ತದೆ. ಇಂಗ್ಲಿಷಿಗೆ ಬ್ರಿಟಿಷ್, ಅಮೆರಿಕನ್ ಅಂತ ಬೇರೆ ಬೇರೆ ಪದಪಟ್ಟಿಗಳಿವೆಯಲ್ಲ, ಹಾಗೇ ಎರಡು ಪಟ್ಟಿ ಮಾಡಿ. ಒಂದು ಗ್ರಾಂಥಿಕ ರೂಪಗಳದ್ದು, ಇನ್ನೊಂದು ಆಡುಮಾತಿನ ರೂಪಗಳೂ ಸೇರಿದ್ದು. ಪಠ್ಯಪುಸ್ತಕ ಬರೆಯುವವರು ಮೊದಲನೆಯದನ್ನು ಹಾಕಿಕೊಳ್ಳಲಿ, ಕಥೆ ಬರೆಯುವವರು ಎರಡನೆಯದನ್ನು.

ಆಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಯಾವ ರೂಪ ಸರಿ, ದಾವಣಗೆರೆಯದ್ದಾ, ಮಂಗಳೂರಿನದ್ದಾ, ಧಾರವಾಡದ್ದಾ? ಇದನ್ನು ಭಾಷೆ ಚೆನ್ನಾಗಿ ಬಲ್ಲ ಇಬ್ಬರಿಗೆ ಪೂರ್ತಿ ಒಪ್ಪಿಸಿ. ಇಲ್ಲೂ ಡೆಬಿಯನ್‌ನ ಒಂದು ನಿಯಮ ನೆರವಿಗೆ ಬರುತ್ತದೆ. ಅಲ್ಲಿ ಪ್ರಾಜೆಕ್ಟ್ ಲೀಡರ್ ಒಂದು ಕೆಲಸವನ್ನು ಯಾರಿಗಾದರೂ ವಹಿಸಿದರೆ, ಅವರು ಮಾಡಿದ ತೀರ್ಮಾನವನ್ನು ಲೀಡರ್ ತಳ್ಳಿಹಾಕುವಂತಿಲ್ಲ. 'ಹೀಗೇ ತೀರ್ಮಾನಿಸಿದರೆ ಮಾತ್ರ ಈ ಜವಾಬ್ದಾರಿ' ಅಂತ ಶರತ್ತು ಹಾಕುವಂತೆಯೂ ಇಲ್ಲ. ಬೇಕಿದ್ದರೆ ಮುಂದಕ್ಕೆ ಜವಾಬ್ದಾರಿಯನ್ನು ಹಿಂಪಡೆಯಬಹುದು, ಆಗಿಹೋದ ತೀರ್ಮಾನವನ್ನಲ್ಲ. ಇದು ನಿಮ್ಮಲ್ಲೂ ಇರಲಿ. ಇಲ್ಲದಿದ್ದರೆ ಕೆಲಸ ಒಪ್ಪಿಸುವುದು ಸುಮ್ನೆ ಮಾತಿಗೆ ಅಷ್ಟೇ.

ಆ ಇಬ್ಬರಿಗೆ ಕೋಡ್ ಬರೆಯಲು ಬರಬೇಕಾಗಿಲ್ಲ. ಒಬ್ಬರು ಕನ್ನಡ ಮೇಷ್ಟ್ರು ಆಗಿರಬಹುದು. ಅವರನ್ನೂ ಪೂರ್ಣ ಸದಸ್ಯರೆಂದೇ ಎಣಿಸಿ, ಮತದ ಹಕ್ಕಿನ ಸಮೇತ. ಡೆಬಿಯನ್ ಕೂಡ ಪ್ಯಾಕೇಜ್ ಮಾಡದೆ ಬೇರೆ ಕೆಲಸ ಮಾಡುವವರನ್ನು ಸದಸ್ಯರಾಗಿ ಸ್ವಾಗತಿಸಬೇಕೆಂದು 2010ರಲ್ಲಿ ಮತ ಹಾಕಿ ನಿರ್ಧರಿಸಿತು. ಭಾಷೆಯ ಸಾಫ್ಟ್‌ವೇರ್‌ನಲ್ಲಿ ಪದ ಬಲ್ಲವರು ಎರಡನೇ ಸಾಲಿನಲ್ಲಿ ಕೂರುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಚುನಾವಣೆ ಬೇಕು ಅಂದವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ಗುಂಪು ಹದಿನೈದು ಇಪ್ಪತ್ತು ಜನರಿಗೆ ಬೆಳೆದರೆ ಬೇಕಾಗುತ್ತದೆ. ಡೆಬಿಯನ್‌ನಲ್ಲಿ ಪ್ರತಿ ವರ್ಷ ಲೀಡರ್ ಚುನಾವಣೆ ಇದೆ. ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬೇಕು, 'ಇವರಲ್ಲಿ ಯಾರೂ ಬೇಡ' ಅನ್ನೋದೂ ಒಂದು ಆಯ್ಕೆ. ಕೋರಂ ಲೆಕ್ಕವೂ ಜಾಣತನದ್ದು. ಒಟ್ಟು ಸದಸ್ಯರ ಸಂಖ್ಯೆಯ ವರ್ಗಮೂಲದ ಅರ್ಧ ತೆಗೆದು ಮೂರರಿಂದ ಗುಣಿಸುತ್ತಾರೆ. ಸಾವಿರ ಜನರಿದ್ದರೆ 48 ಮತ ಸಾಕು. ಮುಕ್ಕಾಲು ಪಾಲು ಜನ ತಮ್ಮ ಕೆಲಸದಲ್ಲಿ ಮುಳುಗಿದ್ದರೂ ಪ್ರಾಜೆಕ್ಟ್ ನಿಲ್ಲುವುದಿಲ್ಲ. ಎಂಟು ಜನರಿಗೆ ಅದೇ ಲೆಕ್ಕ ಹಾಕಿದರೆ ಐದು ಬರುತ್ತದೆ, ನಿಮಗೂ ಒಪ್ಪುವ ಸಂಖ್ಯೆ.

ಆದರೆ 2019ರಲ್ಲಿ ಅಲ್ಲೇ ಏನಾಯಿತು ನೋಡಿ. ನಾಮಪತ್ರದ ಗಡುವು ಮುಗಿದಾಗ ಒಬ್ಬರೂ ನಿಂತಿರಲಿಲ್ಲ. ಹಾಗಾದರೆ ಒಂದು ವಾರ ಮುಂದೂಡಬೇಕು ಅಂತ ಸಂವಿಧಾನದಲ್ಲೇ ಬರೆದಿತ್ತು. ಮುಂದೂಡಿದರು, ಅಭ್ಯರ್ಥಿಗಳು ಬಂದರು, ಚುನಾವಣೆ ಆಯಿತು. ಸ್ವಯಂಸೇವಕರ ಗುಂಪಿನಲ್ಲಿ ಕುರ್ಚಿಗೆ ಕಿತ್ತಾಟ ಆಗುವುದಕ್ಕಿಂತ ಕುರ್ಚಿ ಖಾಲಿ ಉಳಿಯುವುದೇ ಜಾಸ್ತಿ. ಅದಕ್ಕೇ ಹುದ್ದೆ ಸಣ್ಣದಾಗಿರಲಿ. ಮನೆ ಮಕ್ಕಳಿರುವವರು, ಕೆಲಸಕ್ಕೆ ಹೋಗುವವರು ಒಂದು ವರ್ಷ ಒಪ್ಪಿಕೊಳ್ಳುವಷ್ಟು ಸಣ್ಣದು.

ಮತದಿಂದ ಗಾಯವೂ ಆಗುತ್ತದೆ. 2014ರ ಫೆಬ್ರವರಿಯಲ್ಲಿ, ಕಂಪ್ಯೂಟರ್ ಶುರುವಾಗುವಾಗ ಉಳಿದ ಸೇವೆಗಳನ್ನು ಚಾಲೂ ಮಾಡುವ ಸಿಸ್ಟಮ್‌ಡಿ ಅನ್ನುವ ಸಾಫ್ಟ್‌ವೇರನ್ನೇ ಡಿಫಾಲ್ಟ್ ಮಾಡಬೇಕಾ ಬೇಡವಾ ಅಂತ ಡೆಬಿಯನ್‌ನ ಎಂಟು ಜನರ ತಾಂತ್ರಿಕ ಸಮಿತಿ ಮತ ಹಾಕಿತು. ನಾಲ್ಕು–ನಾಲ್ಕು ಸಮ ಆಯಿತು, ಅಧ್ಯಕ್ಷರ ನಿರ್ಣಾಯಕ ಮತದಿಂದ ಮುಗಿಯಿತು. ನಿಯಮ ಸರಿಯಾಗಿಯೇ ನಡೆಯಿತು, ಆದರೂ ಮನಸ್ತಾಪ ವರ್ಷವಿಡೀ ಉಳಿಯಿತು. ಅದೇ ನವೆಂಬರ್‌ನಲ್ಲಿ ಒಂದು ಗುಂಪು ಡೆವುವಾನ್ ಅಂತ ಫೋರ್ಕ್ ಘೋಷಿಸಿತು. ಡಿಸೆಂಬರ್‌ನಲ್ಲಿ ಡೆಬಿಯನ್ ಸದಸ್ಯರು ಆ ಸಮಿತಿಯಲ್ಲಿ ಯಾರೂ ಕಾಯಂ ಆಗಿ ಕೂರದಂತೆ ಅವಧಿಯ ಮಿತಿ ತಂದರು. ನೀವು ಸಮಿತಿ ಮಾಡುವುದಾದರೆ ಆ ಮಿತಿಯನ್ನು ಮೊದಲೇ ಇಟ್ಟುಕೊಳ್ಳಿ, ಸಂಖ್ಯೆಯೂ ಬೆಸವಾಗಿರಲಿ.

ಫೋರ್ಕ್ ಬಗ್ಗೆ ಜನ ಪಾಪದ ಕೆಲಸದಂತೆ ಮಾತಾಡುತ್ತಾರೆ. ಹಾಗೇನಿಲ್ಲ. ಓಪನ್ ಸೋರ್ಸ್ ಲೈಸೆನ್ಸ್ ಕೊಟ್ಟ ಹಕ್ಕು ಅದು, ಯಾವ ಮೇಂಟೇನರ್ ಕೂಡ ಅತಿ ಮಾಡದಂತೆ ತಡೆಯುವುದು ಆ ಹಕ್ಕೇ. ನಿಮ್ಮಂಥದೇ ತೊಂದರೆ 1997ರಲ್ಲಿ ಜಿಸಿಸಿ ಕಂಪೈಲರ್‌ಗೆ (ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುವ ಸಾಫ್ಟ್‌ವೇರ್) ಬಂದಿತ್ತು. ಪ್ಯಾಚ್‌ಗಳು ಒಳಗೆ ಹೋಗುತ್ತಲೇ ಇರಲಿಲ್ಲ. ಒಂದಿಷ್ಟು ಜನ ಈಜಿಸಿಎಸ್ ಅಂತ ಬೇರೆ ಮಾಡಿಕೊಂಡು, ತೆರೆದ ಬಾಗಿಲಿನಲ್ಲಿ ಕೆಲಸ ಮಾಡಿದರು. ಅದು ಎಷ್ಟು ಚೆನ್ನಾಗಿ ನಡೆಯಿತು ಅಂದರೆ 1999ರಲ್ಲಿ ಮೂಲ ಸಂಸ್ಥೆಯೇ ಅದನ್ನು ಅಧಿಕೃತ ಜಿಸಿಸಿ ಅಂತ ಒಪ್ಪಿಕೊಂಡಿತು. ಅಲ್ಲಿ ಗೆದ್ದದ್ದಕ್ಕೆ ಕಾರಣ, ಕೆಲಸ ಮಾಡುವವರಲ್ಲಿ ಹೆಚ್ಚಿನವರು ಆ ಕಡೆ ಇದ್ದದ್ದು. ನಿಮ್ಮಲ್ಲಿ ಎಂಟು ಜನರನ್ನು ನಾಲ್ಕು–ನಾಲ್ಕು ಮಾಡಿದರೆ ಎರಡು ಅರ್ಧಂಬರ್ಧ ಸ್ಪೆಲ್ ಚೆಕರ್ ಉಳಿಯುತ್ತವೆ, ಕನ್ನಡಕ್ಕೆ ಒಂದೂ ಪೂರ್ತಿ ಸಿಗುವುದಿಲ್ಲ. ಹಿರಿಯರ ಜೊತೆ ಮಾತಾಡಿ, ಕಾದು, ಮತ್ತೆ ಮಾತಾಡಿ, ಆಮೇಲೂ ಕೀಲಿ ಕೊಡಲು ಒಪ್ಪದಿದ್ದರೆ ಆಗ ಫೋರ್ಕ್ ಮಾಡಿ. ಹೊಸ ಹೆಸರಿಡಿ. ಹಳೆಯ ಹೆಸರು ಅವರದ್ದು. ಅವರ ಕೆಲಸಕ್ಕೆ ಸಲ್ಲಬೇಕಾದ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿ.

ಸಂಘ ನೋಂದಣಿ ಸದ್ಯಕ್ಕೆ ಬಿಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ನೋಂದಣಿ ಮಾಡಿಸಬಹುದು, ನೀವು ಎಂಟು ಇದ್ದೀರಿ. ಆದರೆ ಆಮೇಲೆ ಪ್ರತಿ ವರ್ಷ ವಾರ್ಷಿಕ ಸಭೆ, ಲೆಕ್ಕಪತ್ರ, ರಿಜಿಸ್ಟ್ರಾರ್ ಕಚೇರಿಗೆ ದಾಖಲೆ ಸಲ್ಲಿಸುವುದು ಎಲ್ಲ ಇರುತ್ತದೆ. ಇರುವ ಸ್ವಲ್ಪ ಬಿಡುವೂ ಅದಕ್ಕೇ ಹೋಗುತ್ತದೆ. ವಿದೇಶದ ದೇಣಿಗೆ ಬೇಕೆಂದರೆ ವಿದೇಶಿ ವಂತಿಗೆ ಕಾಯ್ದೆಯ ಅನುಮತಿ ಬೇರೆ ಬೇಕು. ಡೆಬಿಯನ್‌ನಂಥ ದೊಡ್ಡ ಪ್ರಾಜೆಕ್ಟ್ ಕೂಡ ತಾನಾಗಿ ಒಂದು ನೋಂದಾಯಿತ ಸಂಸ್ಥೆ ಅಲ್ಲ. ಅದರ ಪರವಾಗಿ ಹಣ ಇಟ್ಟುಕೊಳ್ಳಲು 'ಸಾಫ್ಟ್‌ವೇರ್ ಇನ್ ದ ಪಬ್ಲಿಕ್ ಇಂಟರೆಸ್ಟ್' ಅನ್ನೋ ಸಂಸ್ಥೆಯಂಥ ಬೇರೆ ಸಂಸ್ಥೆಗಳಿವೆ. ನಿಮಗೂ ಹಣ ಬರುವ ಕಾಲ ಬಂದಾಗ, ಈಗಾಗಲೇ ನೋಂದಣಿ ಇರುವ, ನಂಬಿಕೆಯ ಸಂಸ್ಥೆಯೊಂದು ನಿಮ್ಮ ಹಣ ಇಟ್ಟುಕೊಂಡು ಲೆಕ್ಕ ಕೊಡುತ್ತದಾ ಅಂತ ಮೊದಲು ಕೇಳಿ ನೋಡಿ.

ಅಲ್ಲಿವರೆಗೆ ಖರ್ಚಿನ ಲೆಕ್ಕವನ್ನು ರಿಪೋದಲ್ಲೇ ಒಂದು ಕಡತದಲ್ಲಿ ಬರೆದಿಡಿ. ಡೊಮೇನ್, ಸರ್ವರ್ ಬಾಡಿಗೆಯಂಥ ಸಣ್ಣ ಖರ್ಚೂ ಅದರಲ್ಲಿ ಬರಲಿ. ಇಷ್ಟು ವರ್ಷ ಆ ದುಡ್ಡನ್ನು ಬಹುಶಃ ನಿಮ್ಮ ಹಿರಿಯರೇ ಕೈಯಿಂದ ಹಾಕಿರುತ್ತಾರೆ. ಎಷ್ಟಾಯಿತು ಅಂತ ಕೇಳಿ, ಎಂಟಕ್ಕೆ ಭಾಗ ಮಾಡಿ, ನಿಮ್ಮ ಏಳು ಜನರ ಪಾಲನ್ನು ಮೊದಲು ಅವರಿಗೆ ಕೊಡಿ.